ಡೇಟಾಬೇಸ್ ಸರ್ವರ್: ಲೈಸೆನ್ಸ್ ಲೆಕ್ಕ ಮತ್ತು ಏಕಕಾಲದ ಸಂಪರ್ಕಗಳ ಮಿತಿ – ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳು, ಪತ್ತಿನ ಸಹಕಾರ ಸಂಘಗಳು, ನರ್ಸಿಂಗ್ ಹೋಮ್‌ಗಳು, ಸಗಟು ಮಳಿಗೆಗಳು ಮತ್ತು ಕಾಲೇಜು ಕಚೇರಿಗಳಲ್ಲಿ ಲೆಕ್ಕಪತ್ರವೆಲ್ಲ ಡೇಟಾಬೇಸ್ ಸರ್ವರ್‌ಗೆ ಸೇರಿ ಬಹಳ ಕಾಲವಾಗಿದೆ. ಆದರೂ ಆ ಸರ್ವರ್‌ಗೆ ಎಷ್ಟು ಲೈಸೆನ್ಸ್ ಬೇಕು, ಒಮ್ಮೆಗೆ ಎಷ್ಟು ಮಂದಿ ಅದನ್ನು ಬಳಸಬಹುದು ಎಂಬ ಎರಡು ಪ್ರಶ್ನೆಗಳನ್ನು ಒಂದೇ ಪ್ರಶ್ನೆಯಂತೆ ಕೇಳುವ ರೂಢಿ ಇನ್ನೂ ಹೋಗಿಲ್ಲ. ಖರೀದಿಗೆ ಸಹಿ ಹಾಕುವ ಕಾರ್ಯದರ್ಶಿಗಳು ಮತ್ತು ವ್ಯವಸ್ಥಾಪಕರು, ಹಾಗೆಯೇ ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರು, ಇಬ್ಬರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆಯಲಾಗಿದೆ.

ಲೈಸೆನ್ಸ್ ಸಂಖ್ಯೆ, ಸಂಪರ್ಕ ಮಿತಿ ಎರಡೂ ಒಂದೇ ಅಲ್ಲವೇ?

ಅಲ್ಲ. ಲೈಸೆನ್ಸ್ ಎಂಬುದು ತಯಾರಕ ಕಂಪನಿಗೂ ನಿಮ್ಮ ಸಂಸ್ಥೆಗೂ ನಡುವಿನ ಕರಾರು. ಆ ಕರಾರು ಜನರನ್ನೋ, ಕಂಪ್ಯೂಟರುಗಳನ್ನೋ, ಪ್ರೊಸೆಸರ್‌ನ ಕೋರ್‌ಗಳನ್ನೋ (ಪ್ರೊಸೆಸರ್‌ನೊಳಗೆ ಏಕಕಾಲಕ್ಕೆ ಬೇರೆ ಬೇರೆ ಕೆಲಸ ಮಾಡುವ ಘಟಕಗಳು) ಎಣಿಸುತ್ತದೆ. ಸಂಪರ್ಕ ಮಿತಿ ಸರ್ವರ್ ತಂತ್ರಾಂಶದೊಳಗಿನ ಒಂದು ಸೆಟ್ಟಿಂಗ್. ಅದು ಈ ಕ್ಷಣದಲ್ಲಿ ತೆರೆದಿರುವ ಕನೆಕ್ಷನ್‌ಗಳನ್ನು, ಅಂದರೆ ತಂತ್ರಾಂಶಕ್ಕೂ ಸರ್ವರ್‌ಗೂ ನಡುವೆ ತೆರೆದ ಸಂಪರ್ಕಗಳನ್ನು, ಮಾತ್ರ ಎಣಿಸುತ್ತದೆ. ಅವುಗಳ ಹಿಂದೆ ಯಾರಿದ್ದಾರೆ, ಅವರ ಬಾಬ್ತು ಹಣ ಕಟ್ಟಲಾಗಿದೆಯೇ ಎಂದು ವಿಚಾರಿಸುವುದಿಲ್ಲ. ಒಬ್ಬ ಗುಮಾಸ್ತರು ಬಿಲ್ಲಿಂಗ್ ಪರದೆಯೊಂದನ್ನು, ದಾಸ್ತಾನು ವರದಿಯೊಂದನ್ನು ತೆರೆದಿಟ್ಟರೆ ಅವರ ಹೆಸರಿನಲ್ಲೇ ಮೂರು ನಾಲ್ಕು ಸಂಪರ್ಕಗಳು ಇರಬಹುದು. ಅದೇ ವೇಳೆ ನೂರಾರು ಸದಸ್ಯರು ಬಳಸುವ ವೆಬ್ ತಂತ್ರಾಂಶವೊಂದು ಹತ್ತೇ ಸಂಪರ್ಕಗಳಲ್ಲಿ ಎಲ್ಲರ ಕೆಲಸವನ್ನೂ ತೂಗಿಸಬಹುದು.

ಇದರಿಂದ ಎರಡು ಪರಿಣಾಮಗಳಿವೆ. ಲೈಸೆನ್ಸ್ ಕಡಿಮೆ ಬಿದ್ದರೆ ಪರದೆಯ ಮೇಲೆ ಸಾಮಾನ್ಯವಾಗಿ ಯಾವ ಎಚ್ಚರಿಕೆಯೂ ಬರುವುದಿಲ್ಲ, ಸರ್ವರ್ ಎಂದಿನಂತೆ ನಡೆಯುತ್ತದೆ, ಕೊರತೆ ತಿಳಿಯುವುದು ತಯಾರಕ ಕಂಪನಿಯ ಲೈಸೆನ್ಸ್ ತಪಾಸಣೆಯ ದಿನ. ಇನ್ನೊಂದು ಕಡೆ, ‘ಸಂಪರ್ಕಗಳು ಹೆಚ್ಚಾದವು’ ಎಂಬ ದೋಷಸಂದೇಶ ಬಂದರೆ ಲೈಸೆನ್ಸ್ ಸಾಲುತ್ತಿಲ್ಲ ಎಂದು ಅರ್ಥವಲ್ಲ. ಆ ಸಂದೇಶ ಕಂಡೊಡನೆ ಇನ್ನಷ್ಟು ಲೈಸೆನ್ಸ್‌ಗೆ ಹಣ ಕಟ್ಟುವುದು ಬಹುಪಾಲು ವ್ಯರ್ಥ ವೆಚ್ಚ.

ನಮ್ಮ ಬಿಲ್ಲಿಂಗ್ ತಂತ್ರಾಂಶವನ್ನು ‘10 ಯೂಸರ್’ ಎಂದು ಕೊಂಡಿದ್ದೇವೆ. ಅದರಲ್ಲೇ ಡೇಟಾಬೇಸ್ ಲೈಸೆನ್ಸ್ ಸೇರಿರುವುದಿಲ್ಲವೇ?

ಸೇರಿರಬಹುದು, ಸೇರದೆಯೂ ಇರಬಹುದು. ‘10 ಯೂಸರ್’ ಎಂಬುದು ಆ ತಂತ್ರಾಂಶ ಬರೆದವರು ತಮ್ಮ ಸರಕಿಗೆ ಹಾಕಿಕೊಂಡ ಮಿತಿ. ಹನ್ನೊಂದನೆಯವರು ಲಾಗಿನ್ ಆಗಲು ಹೋದಾಗ ಅವರನ್ನು ತಡೆಯುವುದು ಆ ತಂತ್ರಾಂಶವೇ, ಡೇಟಾಬೇಸ್ ಅಲ್ಲ. ಅದರ ಅಡಿಯಲ್ಲಿ ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸ್ ತಂತ್ರಾಂಶದ ಸ್ಟ್ಯಾಂಡರ್ಡ್ ಆವೃತ್ತಿ ಇದ್ದರೆ ಅದರ ಲೈಸೆನ್ಸ್ ಬೇರೆ, ಅದು ಕೂರುವ ವಿಂಡೋಸ್ ಸರ್ವರ್‌ನ ಲೈಸೆನ್ಸ್ ಮತ್ತೂ ಬೇರೆ. ಟ್ಯಾಲಿ ಬಳಸಿ ಅಭ್ಯಾಸವಾದವರಿಗೆ ಇದು ವಿಚಿತ್ರವೆನಿಸುವುದು ಸಹಜ. ಅಲ್ಲಿ ಒಬ್ಬರಿಗೆ ಸಿಲ್ವರ್, ಬಹುಮಂದಿಗೆ ಗೋಲ್ಡ್ ಎಂದು ಒಂದೇ ಕಡೆ ಲೆಕ್ಕ ಮುಗಿಯುತ್ತದೆ, ಪ್ರತ್ಯೇಕ ಡೇಟಾಬೇಸ್ ಸರ್ವರ್ ಕೊಳ್ಳುವ ಪ್ರಶ್ನೆಯೇ ಬರುವುದಿಲ್ಲ.

ಕ್ಯಾಲ್ ಎಂದರೇನು? ಯೂಸರ್ ಕ್ಯಾಲ್ ಕೊಳ್ಳಬೇಕೋ ಡಿವೈಸ್ ಕ್ಯಾಲ್ ಕೊಳ್ಳಬೇಕೋ?

ಕ್ಲೈಂಟ್ ಆಕ್ಸೆಸ್ ಲೈಸೆನ್ಸ್ ಎಂಬುದರ ಕಿರುರೂಪವೇ ಕ್ಯಾಲ್. ಎಸ್‌ಕ್ಯೂಎಲ್ ಸರ್ವರ್ ಸ್ಟ್ಯಾಂಡರ್ಡ್ ಆವೃತ್ತಿಯನ್ನು ಎರಡು ರೀತಿಯಲ್ಲಿ ಕೊಳ್ಳಬಹುದು: ಸರ್ವರ್‌ಗೊಂದು ಲೈಸೆನ್ಸ್ ಕೊಂಡು ಬಳಸುವವರಿಗೆಲ್ಲ ಕ್ಯಾಲ್ ಸೇರಿಸುವುದು ಒಂದು ರೀತಿ, ಪ್ರೊಸೆಸರ್‌ನ ಕೋರ್‌ಗಳನ್ನು ಎಣಿಸಿ ಕೊಳ್ಳುವುದು ಇನ್ನೊಂದು. ಮೊದಲನೆಯ ರೀತಿಯಲ್ಲಿ ಪ್ರತಿ ವ್ಯಕ್ತಿಗೆ ಯೂಸರ್ ಕ್ಯಾಲ್ ಅಥವಾ ಪ್ರತಿ ಯಂತ್ರಕ್ಕೆ ಡಿವೈಸ್ ಕ್ಯಾಲ್ ಬೇಕು. ಒಂದು ಕ್ಯಾಲ್ ಇದ್ದವರು ಅದೇ ಸಂಸ್ಥೆಯಲ್ಲಿ ಲೈಸೆನ್ಸ್ ಪಡೆದ ಎಷ್ಟು ಎಸ್‌ಕ್ಯೂಎಲ್ ಸರ್ವರ್‌ಗಳನ್ನಾದರೂ ಬಳಸಬಹುದು.

ಆಯ್ಕೆ ನಿಂತಿರುವುದು ಕೆಲಸದ ಸ್ವರೂಪದ ಮೇಲೆ. ನರ್ಸಿಂಗ್ ಹೋಮ್‌ನಲ್ಲಿ ಮೂರು ಪಾಳಿಗಳಲ್ಲಿ ಹದಿನೆಂಟು ಮಂದಿ ಆರು ಕಂಪ್ಯೂಟರುಗಳ ಮುಂದೆ ಸರದಿಯಂತೆ ಕೂರುತ್ತಾರಾದರೆ ಆರು ಡಿವೈಸ್ ಕ್ಯಾಲ್ ಸಾಕು. ಕಾಫಿ ಹಂಗಾಮಿನ ತಿಂಗಳುಗಳಲ್ಲಿ ಕ್ಯೂರಿಂಗ್ ವರ್ಕ್ಸ್‌ಗೆ ಪಾರ್ಚ್‌ಮೆಂಟ್ ಮತ್ತು ಚೆರ್ರಿಯ ಲೋಡುಗಳು ಸಾಲುಗಟ್ಟಿ ಬರುವಾಗ ತಾತ್ಕಾಲಿಕವಾಗಿ ಡೇಟಾ ಎಂಟ್ರಿಗೆ ಸೇರಿಸಿಕೊಳ್ಳುವವರದೂ ಇದೇ ಲೆಕ್ಕ: ಜನ ಬದಲಾಗುತ್ತಾರೆ, ಯಂತ್ರಗಳು ಬದಲಾಗುವುದಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಕಚೇರಿಯಲ್ಲಿ ಡೆಸ್ಕ್‌ಟಾಪ್, ಮನೆಯಲ್ಲಿ ಲ್ಯಾಪ್‌ಟಾಪ್, ಎಸ್ಟೇಟಿಗೆ ಹೋದಾಗ ಮೊಬೈಲ್ ಬಳಸುವ ವ್ಯವಸ್ಥಾಪಕರಿಗೆ ಡಿವೈಸ್ ಕ್ಯಾಲ್ ಕೊಂಡರೆ ಮೂರು ಬೇಕಾಗುತ್ತದೆ, ಯೂಸರ್ ಕ್ಯಾಲ್ ಆದರೆ ಒಂದೇ. ಎರಡು ಬಗೆಯನ್ನೂ ಬೆರೆಸಿ ಕೊಳ್ಳಲು ಅಡ್ಡಿಯಿಲ್ಲ.

ಸಿಬ್ಬಂದಿ ಇಪ್ಪತ್ತು ಮಂದಿ ಇದ್ದರೂ ಒಂದೇ ವೇಳೆಗೆ ಎಂಟು ಮಂದಿ ಮಾತ್ರ ಕೆಲಸ ಮಾಡುತ್ತಾರೆ. ಎಂಟು ಯೂಸರ್ ಕ್ಯಾಲ್ ಸಾಲದೇ?

ಸಾಲದು. ಕ್ಯಾಲ್ ಲೆಕ್ಕದಲ್ಲಿ ‘ಏಕಕಾಲ’ ಎಂಬ ಮಾತೇ ಇಲ್ಲ. ಇಪ್ಪತ್ತು ಮಂದಿಯೂ ಬೇರೆ ಬೇರೆ ವೇಳೆಯಲ್ಲಿ ಬಳಸಿದರೂ ಇಪ್ಪತ್ತು ಯೂಸರ್ ಕ್ಯಾಲ್ ಬೇಕು. ಒಬ್ಬರು ದೀರ್ಘ ರಜೆಯಲ್ಲಿದ್ದಾಗ ಅವರ ಜಾಗಕ್ಕೆ ಬಂದವರಿಗೆ ಅದನ್ನು ತಾತ್ಕಾಲಿಕವಾಗಿ ವಹಿಸಬಹುದೇ ಹೊರತು ಬೆಳಿಗ್ಗೆ ಒಬ್ಬರಿಗೆ, ಮಧ್ಯಾಹ್ನ ಇನ್ನೊಬ್ಬರಿಗೆ ಎಂದು ಕೈಬದಲಾಯಿಸುವಂತಿಲ್ಲ. ಆ ಇಪ್ಪತ್ತು ಮಂದಿ ಬಳಸುವ ಕಂಪ್ಯೂಟರುಗಳೇ ಎಂಟು ಎಂದಾದರೆ ಎಂಟು ಡಿವೈಸ್ ಕ್ಯಾಲ್ ಸಾಕು ಎಂಬುದನ್ನು ಮೇಲಿನ ಉತ್ತರದಲ್ಲಿ ನೋಡಿದೆವು.

ಎಲ್ಲರೂ ಒಂದೇ ವೆಬ್ ತಂತ್ರಾಂಶದ ಮೂಲಕ ಬರುತ್ತಾರೆ, ಆ ತಂತ್ರಾಂಶ ಡೇಟಾಬೇಸ್‌ಗೆ ಒಂದೇ ಲಾಗಿನ್‌ನಿಂದ ಹೋಗುತ್ತದೆ. ಹಾಗಾದರೆ ಒಂದೇ ಕ್ಯಾಲ್ ಸಾಕಲ್ಲ?

ಈ ಯುಕ್ತಿಯನ್ನು ತಯಾರಕರು ಬಹಳ ಹಿಂದೆಯೇ ಊಹಿಸಿ, ಅದಕ್ಕೆ ಮಲ್ಟಿಪ್ಲೆಕ್ಸಿಂಗ್ ಎಂಬ ಹೆಸರಿಟ್ಟು, ಕರಾರಿನಲ್ಲೇ ಬಾಗಿಲು ಮುಚ್ಚಿದ್ದಾರೆ. ನಡುವೆ ವೆಬ್ ಸರ್ವರ್ ಇರಲಿ, ಕನೆಕ್ಷನ್ ಪೂಲ್ (ಮುಂದೆ ವಿವರವಿದೆ) ಇರಲಿ, ಎಣಿಕೆ ನಡೆಯುವುದು ಮಾತ್ರ ಕಟ್ಟಕಡೆಯಲ್ಲಿ ಕುಳಿತು ಬಳಸುವ ವ್ಯಕ್ತಿ ಅಥವಾ ಯಂತ್ರದ ಲೆಕ್ಕದಲ್ಲಿ. ಮೈಕ್ರೋಸಾಫ್ಟ್‌ನ ಕ್ಯಾಲ್‌ಗೂ ಒರೇಕಲ್ ಕಂಪನಿಯ ಡೇಟಾಬೇಸ್‌ಗೆ ಬಳಸುವವರನ್ನು ಎಣಿಸಿ ಕೊಡುವ ನೇಮ್ಡ್ ಯೂಸರ್ ಪ್ಲಸ್ ಲೈಸೆನ್ಸ್‌ಗೂ ಈ ನಿಯಮ ಸಮಾನ. ಅರವತ್ತು ಮಂದಿ ಸಿಬ್ಬಂದಿ ಒಂದೇ ಲಾಗಿನ್ ಮೂಲಕ ಹಾದುಹೋದರೂ ಲೆಕ್ಕ ಅರವತ್ತೇ.

ಮನುಷ್ಯರಷ್ಟೇ ಅಲ್ಲ ಎಂಬುದನ್ನು ಇಲ್ಲಿ ಸೇರಿಸಬೇಕು. ಅಂಗಳದ ವೇಬ್ರಿಡ್ಜ್ ಲಾರಿಯ ತೂಕವನ್ನು ತಾನಾಗಿಯೇ ಡೇಟಾಬೇಸ್‌ಗೆ ಬರೆಯುತ್ತಿದ್ದರೆ ಒರೇಕಲ್‌ನ ಲೆಕ್ಕದಲ್ಲಿ ಅದು ಮನುಷ್ಯರ ಕೈಯಿಲ್ಲದೆ ನಡೆಯುವ ಸಾಧನ, ಅದಕ್ಕೂ ಒಂದು ಎಣಿಕೆ.  ಕೊಟೇಶನ್‌ಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ಇಂಥವೇ.

ಕೋರ್ ಲೆಕ್ಕದ ಲೈಸೆನ್ಸ್ ಯಾವಾಗ ಲಾಭ?

ಕೋರ್ ಲೈಸೆನ್ಸ್ ಕೊಂಡರೆ ಬಳಸುವವರ ಎಣಿಕೆ ಬೇಕಿಲ್ಲ, ಕ್ಯಾಲ್ ಬೇಕಿಲ್ಲ. ಯಾರು ಬರುತ್ತಾರೆಂದು ಮೊದಲೇ ಹೇಳಲಾಗದ ಕಡೆ, ಅಂದರೆ ಸಂಘದ ಸದಸ್ಯರು ತಮ್ಮ ಖಾತೆಯನ್ನು ಅಂತರ್ಜಾಲದಲ್ಲಿ ನೋಡುವ ವ್ಯವಸ್ಥೆಯಲ್ಲಿ ಅಥವಾ ವಿದ್ಯಾರ್ಥಿಗಳೆಲ್ಲ ಫಲಿತಾಂಶ ನೋಡುವ ಕಾಲೇಜಿನ ಪೋರ್ಟಲ್‌ನಲ್ಲಿ, ಇದೊಂದೇ ಪ್ರಾಯೋಗಿಕ ದಾರಿ. ಎಂಟರ್‌ಪ್ರೈಸ್ ಆವೃತ್ತಿ ಹೊಸದಾಗಿ ದೊರೆಯುವುದು ಕೋರ್ ಲೆಕ್ಕದಲ್ಲಿ ಮಾತ್ರ.

ಸೀಮಿತ ಸಿಬ್ಬಂದಿಯ ಕಚೇರಿಗೆ ಮಾತ್ರ ಗುಣಾಕಾರ ಮಾಡಿ ನೋಡಬೇಕು. ಎಸ್‌ಕ್ಯೂಎಲ್ ಸರ್ವರ್ 2022ರ ಸ್ಟ್ಯಾಂಡರ್ಡ್ ಆವೃತ್ತಿಗೆ ಮೈಕ್ರೋಸಾಫ್ಟ್ ಅಮೆರಿಕದಲ್ಲಿ ಪ್ರಕಟಿಸಿದ ದರಪಟ್ಟಿಯಲ್ಲಿ ಎರಡು ಕೋರ್‌ಗಳ ಪ್ಯಾಕ್‌ಗೆ 3,945 ಡಾಲರ್, ಸರ್ವರ್ ಲೈಸೆನ್ಸ್‌ಗೆ 989 ಡಾಲರ್, ಒಂದು ಕ್ಯಾಲ್‌ಗೆ 230 ಡಾಲರ್ ಇತ್ತು. ಪ್ರತಿ ಪ್ರೊಸೆಸರ್‌ಗೆ ಕನಿಷ್ಠ ನಾಲ್ಕು ಕೋರ್ ಕೊಳ್ಳಲೇಬೇಕಾದ್ದರಿಂದ ಅತಿ ಚಿಕ್ಕ ಖರೀದಿ 7,890 ಡಾಲರ್. ಸರ್ವರ್ ಲೈಸೆನ್ಸ್ ಜೊತೆಗೆ 30 ಕ್ಯಾಲ್ ಕೊಂಡರೆ 7,889 ಡಾಲರ್. ಅಂದರೆ ನಾಲ್ಕು ಕೋರ್‌ಗಳ ಯಂತ್ರದಲ್ಲಿ ಎರಡೂ ದಾರಿಗಳು ಸಂಧಿಸುವುದು ಮೂವತ್ತು ಮಂದಿಯ ಬಳಿ. ಎಂಟು ಕೋರ್ ಆದರೆ ಆ ಗಡಿ ಅರವತ್ತನಾಲ್ಕಕ್ಕೆ ಏರುತ್ತದೆ. ಇಲ್ಲಿಯ ಡೀಲರ್‌ಗಳು ರೂಪಾಯಿಯಲ್ಲಿ ಹೇಳುವ ದರ ಬೇರೆ, ಅದರ ಮೇಲೆ ಶೇ 18ರ ಜಿಎಸ್‌ಟಿ ಬೇರೆ; ಆದರೂ ಗಡಿ ಎಲ್ಲಿದೆ ಎಂದು ಅಂದಾಜಿಸಲು ಈ ಲೆಕ್ಕ ಸಾಕು.

ಒಂದು ಎಚ್ಚರಿಕೆ. ಭೌತಿಕ ಸರ್ವರ್‌ನಲ್ಲಿ ನೇರವಾಗಿ ಸ್ಥಾಪಿಸಿದರೆ ಆ ಯಂತ್ರದ ಎಲ್ಲ ಕೋರ್‌ಗಳಿಗೂ ಲೈಸೆನ್ಸ್ ಬೇಕು. ‘ಮುಂದಕ್ಕೂ ಇರಲಿ’ ಎಂದು ಹದಿನಾರು ಕೋರ್‌ಗಳ ಸರ್ವರ್ ತರಿಸಿದ ಕಚೇರಿ ತಾನು ಬಳಸದ ಕೋರ್‌ಗಳಿಗೂ ಹಣ ತೆರುತ್ತದೆ. ವರ್ಚುವಲ್ ಯಂತ್ರದಲ್ಲಿ (ಭೌತಿಕ ಯಂತ್ರದೊಳಗೆ ತಂತ್ರಾಂಶದಿಂದ ಸೃಷ್ಟಿಸಿದ ಯಂತ್ರದಲ್ಲಿ) ಸ್ಥಾಪಿಸಿ ಅದಕ್ಕೆ ಕೊಟ್ಟಷ್ಟೇ ಕೋರ್‌ಗಳನ್ನು ಎಣಿಸುವ ಅವಕಾಶವಿದೆ, ಅಲ್ಲಿಯೂ ಕನಿಷ್ಠ ನಾಲ್ಕು. ಆದರೆ 2022ರ ಆವೃತ್ತಿಯಿಂದ ಅದಕ್ಕೆ ಸಾಫ್ಟ್‌ವೇರ್ ಅಶ್ಯೂರೆನ್ಸ್ (ಮೈಕ್ರೋಸಾಫ್ಟ್‌ಗೆ ಪ್ರತ್ಯೇಕವಾಗಿ ಹಣ ಕಟ್ಟಿ ಪಡೆಯುವ ನಿರ್ವಹಣಾ ಕರಾರು) ಅಥವಾ ಚಂದಾ ರೂಪದ ಲೈಸೆನ್ಸ್ ಇರಬೇಕು. ಆದ್ದರಿಂದ ಹಾರ್ಡ್‌ವೇರ್ ಆರ್ಡರ್ ಮಾಡುವ ಮುನ್ನವೇ ಲೈಸೆನ್ಸ್ ಲೆಕ್ಕ ಮುಗಿಸಿಕೊಳ್ಳುವುದು ಲೇಸು.

ಒರೇಕಲ್‌ನ ಲೆಕ್ಕ ಹೇಗೆ?

ಒರೇಕಲ್‌ನಲ್ಲಿ ಪ್ರೊಸೆಸರ್ ಲೆಕ್ಕ, ನೇಮ್ಡ್ ಯೂಸರ್ ಪ್ಲಸ್ ಲೆಕ್ಕ ಎಂದು ಎರಡು. ಎಂಟರ್‌ಪ್ರೈಸ್ ಆವೃತ್ತಿಯಲ್ಲಿ ಕೋರ್‌ಗಳ ಸಂಖ್ಯೆಯನ್ನು ಒಂದು ಗುಣಾಂಕದಿಂದ ಗುಣಿಸಬೇಕು. ಸಾಮಾನ್ಯ ಇಂಟೆಲ್ ಮತ್ತು ಎಎಂಡಿ ಪ್ರೊಸೆಸರ್‌ಗಳಿಗೆ ಆ ಗುಣಾಂಕ 0.5. ಎಂಟು ಕೋರ್‌ಗಳ ಯಂತ್ರಕ್ಕೆ ನಾಲ್ಕು ಪ್ರೊಸೆಸರ್ ಲೈಸೆನ್ಸ್ ಬೇಕು, ಅಥವಾ ಪ್ರೊಸೆಸರ್‌ಗೆ ಕನಿಷ್ಠ 25ರಂತೆ ನೂರು ನೇಮ್ಡ್ ಯೂಸರ್. ನಿಮ್ಮಲ್ಲಿ ಬಳಸುವವರು ಹದಿನೈದೇ ಮಂದಿ ಇದ್ದರೂ ನೂರಕ್ಕೆ ಇಳಿಕೆಯಿಲ್ಲ. ಸ್ಟ್ಯಾಂಡರ್ಡ್ ಎಡಿಷನ್ 2ರಲ್ಲಿ ಕೋರ್‌ಗಳ ಬದಲು ಸಾಕೆಟ್‌ಗಳ, ಅಂದರೆ ಪ್ರೊಸೆಸರ್ ಕೂರುವ ಜಾಗಗಳ, ಎಣಿಕೆ, ಗರಿಷ್ಠ ಎರಡು ಸಾಕೆಟ್‌ಗಳ ಸರ್ವರ್, ಪ್ರತಿ ಸರ್ವರ್‌ಗೆ ಕನಿಷ್ಠ ಹತ್ತು ನೇಮ್ಡ್ ಯೂಸರ್. ಜೊತೆಗೆ ಡೇಟಾಬೇಸ್ ಒಮ್ಮೆಗೆ ಬಳಸುವ ಸಿಪಿಯು ಥ್ರೆಡ್‌ಗಳಿಗೆ (ಪ್ರೊಸೆಸರ್‌ನಲ್ಲಿ ಏಕಕಾಲಕ್ಕೆ ಸಾಗುವ ಕೆಲಸದ ಎಳೆಗಳಿಗೆ) 16ರ ಮಿತಿ. ಜಿಲ್ಲಾಮಟ್ಟದ ಖಾಸಗಿ ಸಂಸ್ಥೆಯೊಂದಕ್ಕೆ ಹೊಸದಾಗಿ ಎಂಟರ್‌ಪ್ರೈಸ್ ಆವೃತ್ತಿಯನ್ನು ಯಾರಾದರೂ ಸೂಚಿಸಿದರೆ, ಅದರಲ್ಲಿರುವ ಯಾವ ಸೌಲಭ್ಯ ತಮಗೆ ಅನಿವಾರ್ಯ ಎಂದು ಲಿಖಿತವಾಗಿ ಕೇಳುವುದು ತಪ್ಪಲ್ಲ.

ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಉಚಿತ ಎನ್ನುತ್ತಾರೆ. ಆದರೆ ಐದು ಮಂದಿಗಿಂತ ಹೆಚ್ಚು ಬಳಸುವಂತಿಲ್ಲವಂತೆ, ನಿಜವೇ?

ಐದು ಮಂದಿಯ ಮಾತು ಹಳೆಯ ಕಾಲದ್ದು. ಎಕ್ಸ್‌ಪ್ರೆಸ್‌ಗೆ ಮುಂಚೆ ಇದ್ದ ಎಂಎಸ್‌ಡಿಇ ಎಂಬ ಉಚಿತ ಆವೃತ್ತಿಯಲ್ಲಿ, ಒಂದೇ ವೇಳೆಗೆ ಕೆಲವೇ ಕೆಲಸಗಳು ನಡೆಯುತ್ತಿದ್ದಂತೆ ವೇಗವನ್ನು ಬೇಕೆಂದೇ ಕುಗ್ಗಿಸುವ ನಿಯಂತ್ರಕವೊಂದಿತ್ತು, ಡೇಟಾಬೇಸ್‌ನ ಗಾತ್ರಕ್ಕೆ 2 ಜಿಬಿ ಮಿತಿಯಿತ್ತು. 2005ರಲ್ಲಿ ಎಕ್ಸ್‌ಪ್ರೆಸ್ ಬಂದಾಗಲೇ ಆ ನಿಯಂತ್ರಕ ಹೋಯಿತು. ಮಾತು ಮಾತ್ರ ಡೀಲರ್‌ನಿಂದ ಡೀಲರ್‌ಗೆ ಇಂದಿಗೂ ಓಡಾಡುತ್ತಿದೆ.

ಎಕ್ಸ್‌ಪ್ರೆಸ್‌ನಲ್ಲಿ ಬಳಕೆದಾರರ ಸಂಖ್ಯೆಗೆ ಪ್ರತ್ಯೇಕ ಮಿತಿ ಇಲ್ಲ, ಕ್ಯಾಲ್ ಬೇಕಿಲ್ಲ. ಸಂಪರ್ಕಗಳ ಗರಿಷ್ಠ ಸಂಖ್ಯೆ ದೊಡ್ಡ ಆವೃತ್ತಿಗಳಲ್ಲಿರುವಂತೆ 32,767. ನಿಜವಾದ ಮಿತಿಗಳು ಬೇರೆ ಕಡೆ ಇವೆ: 2022ರ ಆವೃತ್ತಿಯವರೆಗೆ ಒಂದು ಡೇಟಾಬೇಸ್ 10 ಜಿಬಿ ಮೀರುವಂತಿಲ್ಲ, 2025ರ ಆವೃತ್ತಿಯಲ್ಲಿ ಇದನ್ನು 50 ಜಿಬಿಗೆ ಏರಿಸಲಾಗಿದೆ. ದತ್ತಾಂಶವನ್ನು ಇರಿಸಿಕೊಳ್ಳುವ ಮೆಮೊರಿ ಸುಮಾರು 1.4 ಜಿಬಿ, ಯಂತ್ರದಲ್ಲಿ 32 ಜಿಬಿ ಇದ್ದರೂ ಅಷ್ಟನ್ನೇ ಬಳಸುತ್ತದೆ. ಪ್ರೊಸೆಸರ್‌ನಲ್ಲಿ ಬಳಸುವುದು ಒಂದು ಸಾಕೆಟ್ ಅಥವಾ ನಾಲ್ಕು ಕೋರ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ರಾತ್ರಿ ತಾನಾಗಿ ಬ್ಯಾಕಪ್ ತೆಗೆಯಲು ನೆರವಾಗುವ ಏಜೆಂಟ್ ಇದರಲ್ಲಿಲ್ಲ, ಆದ್ದರಿಂದ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಿಂದ ಆ ಕೆಲಸ ಮಾಡಿಸಬೇಕು. ಸ್ಕ್ಯಾನ್ ಮಾಡಿದ ದಾಖಲೆಗಳನ್ನೂ ರೋಗಿಗಳ ಎಕ್ಸ್‌-ರೇ ಚಿತ್ರಗಳನ್ನೂ ಡೇಟಾಬೇಸ್‌ನೊಳಗೇ ತುಂಬದಿದ್ದರೆ, ಹತ್ತು ಹದಿನೈದು ಕಂಪ್ಯೂಟರುಗಳ ಕಚೇರಿ ಎಕ್ಸ್‌ಪ್ರೆಸ್‌ನಲ್ಲೇ ವರ್ಷಗಟ್ಟಲೆ ನೆಮ್ಮದಿಯಿಂದ ಇರಬಹುದು.

ಮೈಎಸ್‌ಕ್ಯೂಎಲ್, ಮರಿಯಾಡಿಬಿ, ಪೋಸ್ಟ್‌ಗ್ರೆಸ್ ಪೂರ್ತಿ ಉಚಿತವೇ?

ನಿಮ್ಮ ಕಚೇರಿಯೊಳಗಿನ ಬಳಕೆಗೆ ಈ ಮೂರೂ ಡೇಟಾಬೇಸ್ ತಂತ್ರಾಂಶಗಳು ಉಚಿತ. ಜನರ ಎಣಿಕೆಯಿಲ್ಲ, ಕೋರ್‌ಗಳ ಎಣಿಕೆಯಿಲ್ಲ. ಪೋಸ್ಟ್‌ಗ್ರೆಸ್‌ನ ಲೈಸೆನ್ಸ್ ಅತ್ಯಂತ ಸಡಿಲ. ಮೈಎಸ್‌ಕ್ಯೂಎಲ್ 2008ರಲ್ಲಿ ಸನ್ ಕಂಪನಿಯ, 2010ರಲ್ಲಿ ಒರೇಕಲ್‌ನ ಕೈಸೇರಿತು. ಅದಕ್ಕೆ ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಲೈಸೆನ್ಸ್‌ನ ಕಮ್ಯುನಿಟಿ ಆವೃತ್ತಿಯೂ ಹಣ ಕೊಟ್ಟು ಪಡೆಯುವ ವಾಣಿಜ್ಯ ಆವೃತ್ತಿಯೂ ಇವೆ. ಮೂಲ ನಿರ್ಮಾತೃಗಳಲ್ಲಿ ಒಬ್ಬರಾದ ಮೈಕೆಲ್ ವಿಡೇನಿಯಸ್ ಅದರಿಂದ ಕವಲೊಡೆಸಿದ್ದು ಮರಿಯಾಡಿಬಿ. ಜಿಪಿಎಲ್‌ನ ತೊಡಕು ಬರುವುದು ಬಳಸುವವರಿಗಲ್ಲ, ಮೈಎಸ್‌ಕ್ಯೂಎಲ್ ಅನ್ನು ತಮ್ಮ ಮುಚ್ಚಿದ (ಮೂಲ ಕೋಡ್ ಬಹಿರಂಗಪಡಿಸದ) ತಂತ್ರಾಂಶದೊಳಗೆ ಸೇರಿಸಿ ಮಾರುವವರಿಗೆ. ಹಾಸನದಲ್ಲೇ ಕುಳಿತು ಬಿಲ್ಲಿಂಗ್ ತಂತ್ರಾಂಶ ಬರೆದು ಮಾರುವವರು ಆ ಷರತ್ತುಗಳನ್ನು ಓದಿಕೊಳ್ಳಬೇಕು.

ಉಚಿತವಾದ ಮೇಲೆ ಮೈಎಸ್‌ಕ್ಯೂಎಲ್ ‘ಟೂ ಮೆನಿ ಕನೆಕ್ಷನ್ಸ್’ ಎಂದು ತಡೆಯುವುದೇಕೆ?

ಮೈಎಸ್‌ಕ್ಯೂಎಲ್‌ನಲ್ಲಿ ಸಂಪರ್ಕಗಳ ಮಿತಿಯ ಪೂರ್ವನಿಗದಿತ ಸಂಖ್ಯೆ 151. ಅದು ಮುಟ್ಟಿದಾಗ ಬರುವುದು 1040ನೇ ಸಂಖ್ಯೆಯ ದೋಷ. ಅದರ ಮೇಲೆ ಒಂದೇ ಒಂದು ಸಂಪರ್ಕವನ್ನು ಆಡಳಿತಾಧಿಕಾರ ಇರುವ ಖಾತೆಗೆಂದು ಸರ್ವರ್ ಕಾದಿರಿಸುತ್ತದೆ, ಏನಾಗಿದೆ ಎಂದು ಒಳಹೊಕ್ಕು ನೋಡಲು. ಬಿಲ್ಲಿಂಗ್ ತಂತ್ರಾಂಶವನ್ನೇ ಆ ಅಧಿಕಾರದ ಖಾತೆಯಲ್ಲಿ ಓಡಿಸುವ ಕೆಟ್ಟ ರೂಢಿ ಇದ್ದರೆ ಆ ಒಂದು ಜಾಗವೂ ತುಂಬಿಹೋಗಿ, ಸರ್ವರ್ ನಿಲ್ಲಿಸಿ ಮತ್ತೆ ಹಚ್ಚುವುದೊಂದೇ ಉಳಿಯುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಮಿತಿ 100, ಅದರೊಳಗೆ ಮೂರು ಸೂಪರ್‌ಯೂಸರ್ ಎಂಬ ಆಡಳಿತ ಖಾತೆಗೆ ಮೀಸಲು. ಒರೇಕಲ್‌ನಲ್ಲಿ ಪ್ರೊಸೆಸಸ್ ಎಂಬ ಸೆಟ್ಟಿಂಗ್‌ನ ಮಿತಿ ಮೀರಿದಾಗ ಓಆರ್‌ಎ-00020 ಎಂಬ ಸಂದೇಶ ಬರುತ್ತದೆ. ಇವೆಲ್ಲ ಯಂತ್ರವನ್ನು ಕಾಪಾಡುವ ಬೇಲಿಗಳು. ಹಣದ ಮಾತು ಇಲ್ಲಿ ಇಲ್ಲವೇ ಇಲ್ಲ.

ಹಾಗಾದರೆ ಆ 151 ಅನ್ನು 2000 ಎಂದು ಬದಲಿಸಿದರೆ ಮುಗಿಯಿತಲ್ಲ?

ಬದಲಿಸುವುದು ಸುಲಭ, ಮೈಎಸ್‌ಕ್ಯೂಎಲ್‌ನಲ್ಲಿ ಸರ್ವರ್ ನಡೆಯುತ್ತಿರುವಾಗಲೇ ಬದಲಿಸಬಹುದು, ಪೋಸ್ಟ್‌ಗ್ರೆಸ್‌ನಲ್ಲಿ ಮರುಚಾಲನೆ ಬೇಕು. ಪ್ರಶ್ನೆ ಇರುವುದು ಮೆಮೊರಿಯದ್ದು. ಪೋಸ್ಟ್‌ಗ್ರೆಸ್ ಪ್ರತಿ ಸಂಪರ್ಕಕ್ಕೂ ಪ್ರತ್ಯೇಕ ಪ್ರೊಸೆಸ್ ಒಂದನ್ನು, ಅಂದರೆ ಸ್ವತಂತ್ರವಾಗಿ ನಡೆಯುವ ಪ್ರೋಗ್ರಾಂ ಒಂದನ್ನು, ಹುಟ್ಟಿಸುತ್ತದೆ. ಒಂದು ವರದಿಯಲ್ಲಿ ವಿಂಗಡಣೆ, ಜೋಡಣೆ ಎಂದು ನಾಲ್ಕು ಹಂತಗಳಿದ್ದರೆ ಆ ಒಂದೇ ಸಂಪರ್ಕ ಪ್ರತಿ ಹಂತಕ್ಕೂ ವರ್ಕ್‌ಮೆಮ್ ಸೆಟ್ಟಿಂಗ್ ಹೇಳಿದಷ್ಟು, ಅಂದರೆ ಪೂರ್ವನಿಗದಿಯಂತೆ 4 ಎಂಬಿ, ಬಳಸಬಹುದು. ಯಾರೋ ವರದಿ ಬೇಗ ಬರಲೆಂದು ಅದನ್ನು 64 ಎಂಬಿಗೆ ಏರಿಸಿಟ್ಟಿದ್ದರೆ, ಎರಡು ಸಾವಿರವಲ್ಲ, ಇನ್ನೂರು ಸಂಪರ್ಕಗಳೇ ಸಾಧಾರಣ ಸರ್ವರ್‌ನ ಉಸಿರು ಕಟ್ಟಿಸುತ್ತವೆ. ಮೈಎಸ್‌ಕ್ಯೂಎಲ್‌ನಲ್ಲಿ ಪ್ರೊಸೆಸ್‌ನ ಬದಲು ಥ್ರೆಡ್ ಇರುವುದರಿಂದ ಭಾರ ತುಸು ಹಗುರ, ಆದರೂ ಇದ್ದೇ ಇದೆ.

ಮಿತಿಯನ್ನು ಏರಿಸುವುದಕ್ಕೂ ಮೊದಲು, ತೆರೆದಿರುವ ಸಂಪರ್ಕಗಳಲ್ಲಿ ಎಷ್ಟು ಕೆಲಸ ಮಾಡುತ್ತಿವೆ, ಎಷ್ಟು ಸುಮ್ಮನೆ ಕುಳಿತಿವೆ ಎಂದು ನೋಡಬೇಕು. ನಲವತ್ತು ಕಂಪ್ಯೂಟರುಗಳ ಕಚೇರಿಯಲ್ಲಿ 150 ಸಂಪರ್ಕಗಳು ಕಂಡರೆ ಅವುಗಳಲ್ಲಿ ಹೆಚ್ಚಿನವು ನಿದ್ರಿಸುತ್ತಿರುತ್ತವೆ. ತಂತ್ರಾಂಶ ಸಂಪರ್ಕವನ್ನು ತೆರೆದು ಮುಚ್ಚದೆ ಬಿಡುತ್ತಿರುವುದು, ಅದರಲ್ಲೂ ದೋಷ ಬಂದಾಗ ಮುಚ್ಚುವ ಸಾಲನ್ನು ತಲುಪದೆ ಹೊರಬೀಳುವುದು, ಇದರ ಸಾಮಾನ್ಯ ಕಾರಣ. ಅಂಥ ಸೋರಿಕೆ ಇರುವಲ್ಲಿ ಮಿತಿ 2000 ಆದರೂ ಒಂದು ದಿನ ತುಂಬುತ್ತದೆ, ಸ್ವಲ್ಪ ತಡವಾಗಿ ಅಷ್ಟೆ.

ಮಳೆಗಾಲದಲ್ಲೇ ಈ ತೊಂದರೆ ಹೆಚ್ಚು. ಮೂಡಿಗೆರೆ, ಸಕಲೇಶಪುರದ ಶಾಖೆಗಳಲ್ಲಿ ಕರೆಂಟ್ ಹೋಗಿ ಬಂದ ಮೇಲೆ ಸಂಪರ್ಕಗಳು ತುಂಬಿಹೋಗುತ್ತವೆ. ಏಕೆ?

ಇದು ಮಲೆನಾಡಿನ ಶಾಖೆಗಳಿರುವ ಸಂಸ್ಥೆಗಳು ತಪ್ಪದೆ ಕೇಳುವ ಪ್ರಶ್ನೆ, ಉತ್ತರವೂ ಸ್ವಾರಸ್ಯಕರವಾದದ್ದು. ತಂತ್ರಾಂಶವನ್ನು ಸರಿಯಾಗಿ ಮುಚ್ಚಿದಾಗ ಶಾಖೆಯ ಕಂಪ್ಯೂಟರ್ ಸರ್ವರ್‌ಗೆ ‘ನಾನು ಹೊರಟೆ’ ಎಂದು ತಿಳಿಸುತ್ತದೆ. ವಿದ್ಯುತ್ ಹಠಾತ್ತನೆ ಹೋದರೆ, ಅಥವಾ ಮರ ಬಿದ್ದು ಫೈಬರ್ ತುಂಡಾದರೆ, ಆ ಸಂದೇಶ ಹೊರಡುವುದೇ ಇಲ್ಲ. ಹಾಸನದಲ್ಲಿರುವ ಸರ್ವರ್ ಪಾಲಿಗೆ ಶಾಖೆಯವರು ಇನ್ನೂ ಅಲ್ಲೇ ಇದ್ದಾರೆ, ಮಾತಾಡುತ್ತಿಲ್ಲ ಅಷ್ಟೆ. ಕರೆಂಟ್ ಬಂದ ಮೇಲೆ ಸಿಬ್ಬಂದಿ ಮತ್ತೆ ಲಾಗಿನ್ ಆದಾಗ ಹೊಸ ಸಂಪರ್ಕಗಳು ಹುಟ್ಟುತ್ತವೆ, ಹಳೆಯವು ಹಾಗೆಯೇ ಉಳಿಯುತ್ತವೆ. ಆಷಾಢದ ಗಾಳಿಮಳೆಯಲ್ಲಿ ದಿನಕ್ಕೆ ಹಲವು ಸಲ ಹೀಗಾದರೆ ಮಿತಿ ಮುಟ್ಟಲು ಬಹಳ ಹೊತ್ತು ಬೇಕಿಲ್ಲ.

ಇಂಥ ಸತ್ತ ಸಂಪರ್ಕಗಳನ್ನು ಪತ್ತೆಹಚ್ಚಲು ಕೀಪ್‌ಅಲೈವ್ ಎಂಬ ವ್ಯವಸ್ಥೆ ಇದೆ: ಆಚೆ ಕಡೆಯಿಂದ ಬಹಳ ಹೊತ್ತು ಮಾತಿಲ್ಲದಿದ್ದರೆ ‘ಇದ್ದೀರಾ’ ಎಂದು ವಿಚಾರಿಸುವುದು. ಲಿನಕ್ಸ್‌ನಲ್ಲಿ ಆ ಕಾಯುವ ಅವಧಿ ಪೂರ್ವನಿಗದಿಯಂತೆ 7200 ಸೆಕೆಂಡ್, ಅಂದರೆ ಎರಡು ಗಂಟೆ. ಪೋಸ್ಟ್‌ಗ್ರೆಸ್ ತಾನಾಗಿ ಬೇರೆ ಹೇಳದಿದ್ದರೆ ಇದನ್ನೇ ಅನುಸರಿಸುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಸುಮ್ಮನಿರುವ ಸಂಪರ್ಕವನ್ನು ಕಡಿದುಹಾಕುವ ವೇಟ್ ಟೈಮ್‌ಔಟ್‌ನ ಅವಧಿ ಪೂರ್ವನಿಗದಿಯಂತೆ 28800 ಸೆಕೆಂಡ್, ಎಂಟು ಗಂಟೆ. ಎಸ್‌ಕ್ಯೂಎಲ್ ಸರ್ವರ್ ಮಾತ್ರ 30 ಸೆಕೆಂಡ್‌ಗಳಲ್ಲೇ ವಿಚಾರಿಸಲು ಆರಂಭಿಸುತ್ತದೆ, ಆದ್ದರಿಂದ ಅಲ್ಲಿ ಈ ದೂರು ಕಡಿಮೆ. ಒರೇಕಲ್‌ನಲ್ಲಿ ಎಕ್ಸ್‌ಪೈರ್ ಟೈಮ್ ಎಂಬ ಸೆಟ್ಟಿಂಗ್ ಅನ್ನು ನಿಮಿಷಗಳಲ್ಲಿ ಕೊಡಬೇಕು. ಮಲೆನಾಡಿನ ಶಾಖೆಗಳಿಗೆ ಎರಡು ಗಂಟೆ ಬಹಳ ಹೆಚ್ಚು. ಕೀಪ್‌ಅಲೈವ್ ಅನ್ನು ಒಂದೆರಡು ನಿಮಿಷಕ್ಕೂ, ಮೈಎಸ್‌ಕ್ಯೂಎಲ್‌ನ ಅವಧಿಯನ್ನು ಹತ್ತು ಹದಿನೈದು ನಿಮಿಷಕ್ಕೂ ಇಳಿಸುವುದು ಸೂಕ್ತ. ತಂತ್ರಾಂಶಕ್ಕೆ ಕಡಿದ ಸಂಪರ್ಕವನ್ನು ಮತ್ತೆ ಜೋಡಿಸಿಕೊಳ್ಳಲು ಬರುತ್ತದೆಯೇ ಎಂದು ಮೊದಲು ಪರೀಕ್ಷಿಸಿಕೊಳ್ಳಿ.

ಎಣಿಕೆ ತುಂಬುವುದಕ್ಕಿಂತ ದೊಡ್ಡ ಅಪಾಯ ಒಂದಿದೆ. ರಸೀದಿ ಬರೆಯುವ ನಡುವೆಯೇ ಕರೆಂಟ್ ಹೋದರೆ ಆ ಅರ್ಧಕ್ಕೆ ನಿಂತ ವ್ಯವಹಾರ ತಾನು ಹಿಡಿದ ದಾಖಲೆಗಳ ಮೇಲಿನ ಬೀಗವನ್ನು ಸಂಪರ್ಕ ಸಾಯುವವರೆಗೂ ಬಿಡುವುದಿಲ್ಲ. ಆಗ ಚಿಕ್ಕಮಗಳೂರಿನ ಕೌಂಟರಿನಲ್ಲಿ ಅದೇ ಖಾತೆಯನ್ನು ತೆರೆದವರ ಪರದೆ ಅಲ್ಲಾಡದೆ ನಿಲ್ಲುತ್ತದೆ. ‘ಸರ್ವರ್ ನಿಧಾನ’ ಎಂಬ ದೂರು ಬರುವುದು ಅಲ್ಲಿಂದ, ಕಾರಣವಿರುವುದು ಮೂಡಿಗೆರೆಯಲ್ಲಿ. ಶಾಖೆಯ ಕಂಪ್ಯೂಟರ್ ಮತ್ತು ರೂಟರ್ ಎರಡಕ್ಕೂ ಯುಪಿಎಸ್ ಕೊಡಿಸುವ ಖರ್ಚು ಯಾವ ಲೈಸೆನ್ಸ್ ಖರ್ಚಿಗಿಂತಲೂ ಕಡಿಮೆ.

ಕನೆಕ್ಷನ್ ಪೂಲ್ ಎಂದರೇನು? ಅದರಲ್ಲಿ ಎಷ್ಟು ಸಂಪರ್ಕ ಇಡಬೇಕು?

ಬ್ಯಾಂಕಿನಲ್ಲಿ ಮುನ್ನೂರು ಗ್ರಾಹಕರಿಗೆ ಮುನ್ನೂರು ಕೌಂಟರ್ ಇರುವುದಿಲ್ಲ. ನಾಲ್ಕು ಕೌಂಟರ್ ಇಟ್ಟು ಟೋಕನ್ ಕೊಡುತ್ತಾರೆ. ಪೂಲ್ ಮಾಡುವುದೂ ಇದನ್ನೇ. ಕೆಲವು ಸಂಪರ್ಕಗಳನ್ನು ಮೊದಲೇ ತೆರೆದಿಟ್ಟು, ಕೆಲಸವಿದ್ದವರಿಗೆ ಕ್ಷಣಕಾಲ ಕೊಟ್ಟು, ಮುಗಿದೊಡನೆ ಹಿಂದಕ್ಕೆ ಪಡೆಯುತ್ತದೆ. ಜಾವಾ ತಂತ್ರಾಂಶಗಳಲ್ಲಿ ಪ್ರಚಲಿತವಾದ ಹಿಕಾರಿ ಪೂಲ್‌ನ ಗರಿಷ್ಠ ಗಾತ್ರ ಪೂರ್ವನಿಗದಿಯಂತೆ 10, ಡಾಟ್‌ನೆಟ್‌ನಲ್ಲಿ ಎಸ್‌ಕ್ಯೂಎಲ್ ಸರ್ವರ್‌ಗೆ 100. ಪೋಸ್ಟ್‌ಗ್ರೆಸ್‌ನ ಮುಂದೆ ಪಿಜಿಬೌನ್ಸರ್ ಎಂಬ ಪ್ರತ್ಯೇಕ ತಂತ್ರಾಂಶವನ್ನೇ ನಿಲ್ಲಿಸುವ ಪದ್ಧತಿ ಇದೆ.

ಗಾತ್ರದ ವಿಷಯದಲ್ಲಿ ಪೋಸ್ಟ್‌ಗ್ರೆಸ್ ವಲಯದಲ್ಲಿ ಬಳಕೆಯಲ್ಲಿರುವ ಅಂದಾಜು ಸೂತ್ರ: ಕೋರ್‌ಗಳ ಸಂಖ್ಯೆಯ ಎರಡರಷ್ಟು, ಅದಕ್ಕೆ ಡಿಸ್ಕ್‌ಗಳ ಸಂಖ್ಯೆ ಸೇರಿಸಿ. ನಾಲ್ಕು ಕೋರ್, ಒಂದು ಡಿಸ್ಕ್ ಆದರೆ ಒಂಬತ್ತು. ಒಂಬತ್ತೇ ಎಂದು ಮೂಗು ಮುರಿಯುವವರೇ ಹೆಚ್ಚು. ಆದರೆ ನಾಲ್ಕು ಕೋರ್‌ಗಳ ಯಂತ್ರ ಒಂದು ಕ್ಷಣದಲ್ಲಿ ನಾಲ್ಕೇ ಕೆಲಸ ಮಾಡಬಲ್ಲದು, ಉಳಿದವು ಕಾಯುವುದು ಪೂಲ್‌ನ ಹೊರಗೋ ಡೇಟಾಬೇಸ್‌ನ ಒಳಗೋ ಎಂಬುದಷ್ಟೇ ವ್ಯತ್ಯಾಸ. ಹೊರಗೆ ಕಾದರೆ ಬೀಗಗಳೂ ಮೆಮೊರಿಯೂ ಅವುಗಳ ಹಿಡಿತದಲ್ಲಿರುವುದಿಲ್ಲ. ಎರಡು ಮೂರು ತಂತ್ರಾಂಶಗಳು ಒಂದೇ ಸರ್ವರ್ ಬಳಸುತ್ತಿದ್ದರೆ ಎಲ್ಲ ಪೂಲ್‌ಗಳ ಮೊತ್ತ ಸರ್ವರ್‌ನ ಮಿತಿಯೊಳಗೆ ಇರಬೇಕು. ಪೂಲ್ ಇದ್ದ ಮಾತ್ರಕ್ಕೆ ಕ್ಯಾಲ್ ಲೆಕ್ಕ ಇಳಿಯುವುದಿಲ್ಲ ಎಂಬುದು ಮೇಲೆಯೇ ಬಂದಿದೆ.

ಈಗ ಎಷ್ಟು ಸಂಪರ್ಕಗಳಿವೆ ಎಂದು ನೋಡುವುದು ಹೇಗೆ?

ಮೈಎಸ್‌ಕ್ಯೂಎಲ್‌ನಲ್ಲಿ ಶೋ ಪ್ರೊಸೆಸ್‌ಲಿಸ್ಟ್ ಆದೇಶ, ಪೋಸ್ಟ್‌ಗ್ರೆಸ್‌ನಲ್ಲಿ ಪಿಜಿ ಸ್ಟ್ಯಾಟ್ ಆಕ್ಟಿವಿಟಿ ಎಂಬ ನೋಟ, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಎಸ್‌ಪಿ ಹೂ2, ಒರೇಕಲ್‌ನಲ್ಲಿ ವಿ ಡಾಲರ್ ಸೆಷನ್. ಮೈಎಸ್‌ಕ್ಯೂಎಲ್ ತನ್ನನ್ನು ಹಚ್ಚಿದಂದಿನಿಂದ ಮುಟ್ಟಿದ ಗರಿಷ್ಠ ಸಂಖ್ಯೆಯನ್ನೂ ಮ್ಯಾಕ್ಸ್ ಯೂಸ್ಡ್ ಕನೆಕ್ಷನ್ಸ್ ಎಂಬ ಹೆಸರಿನಲ್ಲಿ ಇಟ್ಟಿರುತ್ತದೆ. ಹಂಗಾಮಿನ ಕೊನೆಯಲ್ಲಿ ಅದನ್ನು ಬರೆದಿಟ್ಟುಕೊಂಡರೆ ಮುಂದಿನ ವರ್ಷದ ಅಂದಾಜಿಗೆ ಬೇರೆ ಆಧಾರ ಬೇಕಿಲ್ಲ.

ಕ್ಲೌಡ್‌ಗೆ ಹೋದರೆ ಈ ತಲೆನೋವು ಇಲ್ಲವಲ್ಲ?

ಲೈಸೆನ್ಸ್‌ನ ತಲೆನೋವು ಬಹುಮಟ್ಟಿಗೆ ತಪ್ಪುತ್ತದೆ, ಬಾಡಿಗೆಯಲ್ಲೇ ಅದು ಸೇರಿರುತ್ತದೆ. ಸಂಪರ್ಕ ಮಿತಿ ತಪ್ಪುವುದಿಲ್ಲ. ಅಮೆಜಾನ್‌ನ ಆರ್‌ಡಿಎಸ್ ಸೇವೆಯಲ್ಲಿ ಮೈಎಸ್‌ಕ್ಯೂಎಲ್‌ನ ಮಿತಿ ಯಂತ್ರದ ಮೆಮೊರಿಗೆ ಅನುಗುಣ, ಸುಮಾರು 12 ಎಂಬಿಗೆ ಒಂದು ಸಂಪರ್ಕ. ಅಗ್ಗವೆಂದು 1 ಜಿಬಿಯ ಯಂತ್ರ ತೆಗೆದುಕೊಂಡವರಿಗೆ ನೂರು ಸಂಪರ್ಕಗಳೂ ಸಿಗುವುದಿಲ್ಲ.

ಪರೀಕ್ಷೆಗೆಂದು, ಅಥವಾ ಮುಖ್ಯ ಸರ್ವರ್ ಕೆಟ್ಟರೆ ಇರಲೆಂದು, ಇನ್ನೊಂದು ಸರ್ವರ್ ಇಟ್ಟರೆ ಅದಕ್ಕೂ ಲೈಸೆನ್ಸ್ ಬೇಕೇ?

ಪರೀಕ್ಷೆಗೆ ಮತ್ತು ತಂತ್ರಾಂಶ ಬರೆಯಲು ಎಸ್‌ಕ್ಯೂಎಲ್ ಸರ್ವರ್‌ನ ಡೆವಲಪರ್ ಆವೃತ್ತಿ ಉಚಿತ, ನಿತ್ಯದ ವ್ಯವಹಾರಕ್ಕೆ ಅದನ್ನು ಬಳಸುವಂತಿಲ್ಲ. ಮುಖ್ಯ ಸರ್ವರ್ ಕೆಟ್ಟೊಡನೆ ಅದರ ಜಾಗಕ್ಕೆ ಬರುವಂತೆ ಸದಾ ಸಿದ್ಧವಾಗಿ ನಡೆಯುತ್ತಿರುವ ಎರಡನೆಯ ಸರ್ವರ್‌ಗೆ ಪ್ರತ್ಯೇಕ ಲೈಸೆನ್ಸ್ ಬೇಡವಾಗಬೇಕಾದರೆ ಮುಖ್ಯ ಸರ್ವರ್‌ಗೆ ಸಾಫ್ಟ್‌ವೇರ್ ಅಶ್ಯೂರೆನ್ಸ್ ಇರಬೇಕು.

ಲೈಸೆನ್ಸ್ ಇಲ್ಲದೆ ಬಳಸಿದರೆ ಕಾನೂನಿನಲ್ಲಿ ಏನಿದೆ?

1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಪ್ರಕರಣದಂತೆ, ಅನಧಿಕೃತ ಪ್ರತಿಯೆಂದು ತಿಳಿದೂ ಕಂಪ್ಯೂಟರ್ ತಂತ್ರಾಂಶವನ್ನು ಬಳಸಿದವರಿಗೆ ಕನಿಷ್ಠ ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ, 50,000 ರೂಪಾಯಿಯಿಂದ 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಲಾಭಕ್ಕಾಗಿ ಬಳಸಿರದಿದ್ದರೆ ನ್ಯಾಯಾಲಯ ಸೆರೆವಾಸ ವಿಧಿಸದೆ ಇರಬಹುದು. ಕ್ಯಾಲ್ ಕಡಿಮೆ ಬಿದ್ದದ್ದು ಸಾಮಾನ್ಯವಾಗಿ ಕರಾರಿನ ಮಟ್ಟದಲ್ಲಿ, ಕೊರತೆಯ ಹಣ ಕಟ್ಟಿಸಿಕೊಳ್ಳುವುದರಲ್ಲಿ ತೀರ್ಮಾನವಾಗುತ್ತದೆ. ನಕಲಿ ಕೀ ಹಾಕಿ ನಡೆಸುವ ಸರ್ವರ್‌ನ ಸ್ಥಿತಿ ಅಷ್ಟು ಸರಳವಲ್ಲ.

ಡೀಲರ್‌ನಿಂದ ಕೊಟೇಶನ್ ಪಡೆಯುವಾಗ ಏನೇನು ಬರೆಯಿಸಿಕೊಳ್ಳಬೇಕು?

‘ಎಸ್‌ಕ್ಯೂಎಲ್ ಲೈಸೆನ್ಸ್ – 1’ ಎಂದಷ್ಟೇ ಬರೆದ ಕೊಟೇಶನ್ ಅನ್ನು ಹಿಂದಕ್ಕೆ ಕಳಿಸಿ. ಯಾವ ವರ್ಷದ ಯಾವ ಆವೃತ್ತಿ, ಕೋರ್ ಲೆಕ್ಕವೋ ಕ್ಯಾಲ್ ಲೆಕ್ಕವೋ, ಕ್ಯಾಲ್ ಆದರೆ ಯೂಸರ್ ಎಷ್ಟು ಡಿವೈಸ್ ಎಷ್ಟು, ಒಮ್ಮೆ ಕೊಂಡರೆ ಶಾಶ್ವತವೋ ವರ್ಷವರ್ಷ ಕಟ್ಟುವ ಚಂದಾವೋ ಎಂಬುದು ಬಿಡಿಬಿಡಿಯಾಗಿ ಇರಬೇಕು. ವಿಂಡೋಸ್ ಸರ್ವರ್ ಮತ್ತು ಅದರ ಕ್ಯಾಲ್‌ಗಳು ಪ್ರತ್ಯೇಕ ಸಾಲಿನಲ್ಲಿರಬೇಕು, ಏಕೆಂದರೆ ಎಸ್‌ಕ್ಯೂಎಲ್‌ನ ಕ್ಯಾಲ್ ವಿಂಡೋಸ್‌ಗೆ ಸಲ್ಲುವುದಿಲ್ಲ, ಶಾಖೆಯವರು ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಬರುವುದಾದರೆ ಅದಕ್ಕೆ ಮೂರನೆಯ ಬಗೆಯ ಕ್ಯಾಲ್ ಬೇಕು. ಹಳೆಯ ಕ್ಯಾಲ್‌ಗಳು ನಿಮ್ಮಲ್ಲಿದ್ದರೆ ಅವುಗಳ ವರ್ಷ ನೋಡಿಕೊಳ್ಳಿ: ಹೊಸ ವರ್ಷದ ಕ್ಯಾಲ್ ಹಳೆಯ ಸರ್ವರ್‌ಗೆ ಸಲ್ಲುತ್ತದೆ, ಹಳೆಯದು ಹೊಸ ಸರ್ವರ್‌ಗೆ ಸಲ್ಲುವುದಿಲ್ಲ. ಎಸ್‌ಕ್ಯೂಎಲ್‌ನ ಕ್ಯಾಲ್ ಎಂದರೆ ಸ್ಥಾಪಿಸುವ ತಂತ್ರಾಂಶವಲ್ಲ, ಕಾಗದದ ಮೇಲಿನ ಹಕ್ಕು. ಆದ್ದರಿಂದ ಇನ್‌ವಾಯ್ಸ್ ಮತ್ತು ಲೈಸೆನ್ಸ್ ದೃಢೀಕರಣ ನಿಮ್ಮ ಸಂಸ್ಥೆಯ ಹೆಸರಿನಲ್ಲೇ, ಸಂಸ್ಥೆಯದೇ ಇಮೇಲ್ ವಿಳಾಸಕ್ಕೆ ಬರುವಂತೆ ನೋಡಿಕೊಂಡು, ಅದರ ಒಂದು ಮುದ್ರಿತ ಪ್ರತಿಯನ್ನು ಕಚೇರಿಯ ಖರೀದಿ ಕಡತದಲ್ಲಿ ಸೇರಿಸಿ.